ಮಗಳ ಮನೆ ಡ್ರೈವ್‌ವೇಯಲ್ಲಿ ನಮ್ಮದೇ ಮನೆ: ನಿವೃತ್ತ ದಂಪತಿಗೆ ಒಂದು ವರ್ಷದ ಆರ್‌ವಿ ಪ್ರವಾಸ

ಕೆಲಸ ಬಿಟ್ಟ ಮೇಲೆ ನಾವಿಬ್ಬರೂ ಒಂದು ವರ್ಷ ಆರ್‌ವಿಯಲ್ಲಿ ಅಮೆರಿಕ ಸುತ್ತಿ ಮಕ್ಕಳು, ನೆಂಟರು, ಹಳೇ ಸ್ನೇಹಿತರನ್ನು ನೋಡಿಕೊಂಡು ಬಂದೆವು. ಅದು ಗೊತ್ತಾದಾಗಿನಿಂದ ಒಂದೇ ಥರದ ಪ್ರಶ್ನೆಗಳು: ಎಂಥ ಗಾಡಿ ತಗೋಬೇಕು, ಎಷ್ಟು ಖರ್ಚಾಗುತ್ತೆ, ಆ ಟಾಯ್ಲೆಟ್ ವಿಷಯ ಹೇಗೆ, ಸೊಸೆಗೆ ಬೇಜಾರಾಗಲ್ವಾ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಆರ್‌ವಿ ಅಂದರೆ ಮಲಗಲು, ಅಡುಗೆ ಮಾಡಲು, ಸ್ನಾನಕ್ಕೆ ವ್ಯವಸ್ಥೆ ಇರುವ ಮನೆಯಂಥ ಗಾಡಿ; ಅಷ್ಟು ಗೊತ್ತಿದ್ದರೆ ಮುಂದೆ ಓದಲು ಸಾಕು.

ಉದ್ಯಾನ, ಕಣಿವೆ ನೋಡಲು ಹೋಗುವ ಆರ್‌ವಿ ಪ್ರವಾಸಕ್ಕೆ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಬಂಧುಬಳಗವನ್ನು ನೋಡಲು ಹೊರಟವರ ಕಷ್ಟಸುಖ ಬೇರೆ. ವರ್ಷದಲ್ಲಿ ಅರ್ಧದಷ್ಟು ರಾತ್ರಿ ನಿಮ್ಮ ಗಾಡಿ ಯಾರದೋ ಮನೆಯೆದುರು ಗಾಡಿ ನಿಲ್ಲಿಸುವ ಜಾಗದಲ್ಲಿ, ಅಂದರೆ ಡ್ರೈವ್‌ವೇಯಲ್ಲಿ ನಿಂತಿರುತ್ತದೆ. ಗಾಡಿಯ ಉದ್ದ, ಕರೆಂಟು, ನೀರು, ಎಷ್ಟು ದಿನ ಇರಬಹುದು ಎನ್ನುವುದನ್ನೆಲ್ಲ ಆ ಡ್ರೈವ್‌ವೇಯೇ ತೀರ್ಮಾನಿಸುತ್ತದೆ. ಹಾಗಾಗಿ ಗಾಡಿ ಶೋರೂಮಿಗೆ ಹೋಗುವ ಮುಂಚೆ ಕ್ಯಾಲೆಂಡರು ಹಿಡಿದು ಕೂರಿ.

1. ಮೊದಲು ಜನ, ಆಮೇಲೆ ನಕ್ಷೆ

ಯಾರ್‍ಯಾರನ್ನು ನೋಡಬೇಕು, ಅವರಿರುವ ಊರು, ಅವರಿಗೆ ಬಿಡುವಿರುವ ತಿಂಗಳು, ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಕ್ಟೋಬರಿನ ಮಂಗಳವಾರ ಮಗನ ಮನೆ ತಲುಪಿದರೆ ಅಲ್ಲಿ ನಾಯಿ ಬಿಟ್ಟು ಇನ್ಯಾರೂ ಇರುವುದಿಲ್ಲ. ಗ್ರಾಜುಯೇಶನ್ ಮೇ–ಜೂನ್‌ನಲ್ಲಿ, ರಂಗಪ್ರವೇಶ, ಉಪನಯನ ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಅಕ್ಕ ಅಥವಾ ನಾವಿಕ (ಅಮೆರಿಕದ ಕನ್ನಡಿಗರ ಎರಡು ಸಂಘಟನೆಗಳು) ಸಮ್ಮೇಳನ ಇರುವ ವರ್ಷವಾದರೆ ಅದನ್ನೂ ಬರೆದುಕೊಳ್ಳಿ, ಒಂದೇ ವಾರಾಂತ್ಯದಲ್ಲಿ ಹತ್ತಾರು ಮನೆಯವರು ಸಿಗುತ್ತಾರೆ. ಬದಲಾಗದ ದಿನಾಂಕಗಳನ್ನು ಮೊದಲು ಗುರುತು ಹಾಕಿ, ಉಳಿದವರನ್ನು ನಡುನಡುವೆ ಹೊಂದಿಸಿ.

ಆಮೇಲೆ ಹವೆ. ಜನವರಿಯಿಂದ ಮಾರ್ಚ್‌ವರೆಗೆ ಫ್ಲಾರಿಡಾ, ಟೆಕ್ಸಾಸ್, ಅರಿಜೋನಾ, ಏಪ್ರಿಲ್–ಮೇ ಅಟ್ಲಾಂಟಾ, ಕೆರೊಲಿನಾ ದಾಟಿ ನ್ಯೂಜೆರ್ಸಿ, ಬೇಸಿಗೆಯಲ್ಲಿ ಮಿಶಿಗನ್, ಶಿಕಾಗೊ, ಸಿಯಾಟಲ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ, ನವೆಂಬರಿಗೆ ಮತ್ತೆ ದಕ್ಷಿಣ. ಒಂದು ವರ್ಷಕ್ಕೆ ಈ ಸುತ್ತು ಚೆನ್ನಾಗಿ ಹೊಂದುತ್ತದೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದರಲ್ಲೂ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಫ್ಲಾರಿಡಾ ಮತ್ತು ಗಲ್ಫ್ ಕರಾವಳಿಯ ಕಡೆ ತಲೆ ಹಾಕಬೇಡಿ. ಉಷ್ಣಾಂಶ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದು ಹಾಗೇ ನಿಂತರೆ ಗಾಡಿಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಡಿಸೆಂಬರಿನಲ್ಲಿ ಶಿಕಾಗೊ ಮಗ ಕರೆದರೆ ಗಾಡಿಯನ್ನು ಬಿಸಿಲೂರಲ್ಲಿ ಸ್ಟೋರೇಜಿಗೆ ಹಾಕಿ ವಿಮಾನ ಹತ್ತಿ.

2. ಮೆಡಿಕೇರ್, ಬಿಟ್ಟುಹೋಗುವ ಮನೆ, ಟಪಾಲು

ಇದು ಬೇಸರದ ಕೆಲಸ, ಆದರೆ ಇಲ್ಲಿ ಎಡವಿದರೆ ಗಾಡಿಯ ಬೆಲೆಗಿಂತ ಹೆಚ್ಚು ಕಳೆದುಕೊಳ್ಳಬಹುದು.

ಮೆಡಿಕೇರ್ ಎಂದರೆ ಮುಖ್ಯವಾಗಿ 65 ದಾಟಿದವರಿಗೆ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ. ನಿಮ್ಮದು ಒರಿಜಿನಲ್ ಮೆಡಿಕೇರ್ (ಸರ್ಕಾರ ನೇರವಾಗಿ ನಡೆಸುವ ಎ ಮತ್ತು ಬಿ ಭಾಗ) ಆಗಿದ್ದರೆ ದೇಶದ ಯಾವ ಮೂಲೆಯಲ್ಲಾದರೂ ಮೆಡಿಕೇರ್ ಒಪ್ಪುವ ಡಾಕ್ಟರ ಹತ್ತಿರ ಹೋಗಬಹುದು. ಮೆಡಿಕೇರ್ ಅಡ್ವಾಂಟೇಜ್ (ಖಾಸಗಿ ವಿಮಾ ಕಂಪನಿ ನಡೆಸುವ ಯೋಜನೆ) ಆಗಿದ್ದರೆ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ ಅವರ ನೆಟ್‌ವರ್ಕಿನೊಳಗೇ ಇರಬೇಕು. ಯೋಜನೆಯ ಪ್ರದೇಶದಿಂದ ಸತತ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ, ಪ್ರಯಾಣಿಕರಿಗೆಂದೇ ವಿಶೇಷ ಸೌಲಭ್ಯ ಇಲ್ಲದ ಯೋಜನೆಗಳು ನಿಮ್ಮ ಹೆಸರನ್ನೇ ತೆಗೆದುಹಾಕುತ್ತವೆ. ಬದಲಾಯಿಸಿಕೊಳ್ಳುವ ಅವಕಾಶ ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ. ಒಂದು ಎಚ್ಚರಿಕೆ: ಅಡ್ವಾಂಟೇಜಿನಿಂದ ಒರಿಜಿನಲ್‌ಗೆ ಮರಳುವುದು ಸುಲಭ, ಆದರೆ ಅದರ ಜೊತೆಗೆ ಬೇಕಾಗುವ ಮೆಡಿಗ್ಯಾಪ್ ಪಾಲಿಸಿ (ಮೆಡಿಕೇರ್ ಕೊಡದೆ ಉಳಿಸುವ ಪಾಲನ್ನು ಭರಿಸುವ ಖಾಸಗಿ ವಿಮೆ) ಕೊಡುವ ಮುನ್ನ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ನಿಮ್ಮ ಆರೋಗ್ಯದ ಇತಿಹಾಸ ಕೇಳಬಹುದು, ಕೊಡದೆಯೂ ಇರಬಹುದು. ಮೆಡಿಗ್ಯಾಪ್ ಕೈಗೆ ಬಂದ ಮೇಲಷ್ಟೇ ಹಳೆಯದನ್ನು ಬಿಡಿ.

ಮಾತ್ರೆಗಳನ್ನು 90 ದಿನಕ್ಕೆ ಬರೆಸಿಕೊಳ್ಳಿ. ಎಲ್ಲ ರಾಜ್ಯಗಳಲ್ಲೂ ಶಾಖೆ ಇರುವ ಔಷಧಿ ಅಂಗಡಿಗೆ ಚೀಟಿ ವರ್ಗಾಯಿಸಿ. ಪವರ್ ಆಫ್ ಅಟಾರ್ನಿ, ಹೆಲ್ತ್‌ಕೇರ್ ಪ್ರಾಕ್ಸಿ (ನಿಮಗೆ ಆಗದಿದ್ದಾಗ ಚಿಕಿತ್ಸೆಯ ತೀರ್ಮಾನ ಯಾರು ಮಾಡಬೇಕೆಂಬ ಪತ್ರ) ಕಾಗದಗಳ ಪ್ರತಿ ಗಾಡಿಯಲ್ಲಿರಲಿ, ಫೋನಿನಲ್ಲೂ ಇರಲಿ. ವ್ಯಾಂಕೂವರ್ ಅಥವಾ ಟೊರಾಂಟೊ ನೆಂಟರೂ ಪಟ್ಟಿಯಲ್ಲಿದ್ದರೆ ಕೆನಡಾಕ್ಕೆ ಪ್ರತ್ಯೇಕ ಪ್ರಯಾಣ ವಿಮೆ ಮಾಡಿಸಿ. ಗಡಿ ದಾಟಿದರೆ ಮೆಡಿಕೇರ್ ಹೆಚ್ಚುಕಡಿಮೆ ಇಲ್ಲವೆಂದೇ ತಿಳಿಯಿರಿ. ಗ್ರೀನ್ ಕಾರ್ಡಿನವರು ಕಾರ್ಡಿನ ಜೊತೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟನ್ನೂ ಒಯ್ಯಬೇಕು.

ಒಂದು ವರ್ಷದ ಮಟ್ಟಿಗೆ ಹೋಗುವವರು ಮನೆ ಮಾರಬೇಡಿ. ವಿಲಾಸ, ಮತದಾನ, ತೆರಿಗೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಆದರೆ ಮನೆ ವಿಮೆಯವರಿಗೆ ತಿಳಿಸಿ. ಹಲವು ಪಾಲಿಸಿಗಳಲ್ಲಿ ಮನೆ 30 ಅಥವಾ 60 ದಿನ ಖಾಲಿ ಬಿದ್ದರೆ ಕೆಲವು ಹಾನಿಗಳಿಗೆ ಪರಿಹಾರ ಸಿಗುವುದಿಲ್ಲ. ನೀರಿನ ಮುಖ್ಯ ವಾಲ್ವ್ ಮುಚ್ಚಿ. ಅಂಚೆಯನ್ನು ತಾತ್ಕಾಲಿಕವಾಗಿ ಮಕ್ಕಳಲ್ಲೊಬ್ಬರ ಮನೆಗೆ ತಿರುಗಿಸಿ. ಮೊದಲು 6 ತಿಂಗಳಿಗೆ ಕೊಟ್ಟು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಬಹುದು.

3. ಗಾಡಿಯ ಆಯ್ಕೆ

ಆರ್‌ವಿಗಳಲ್ಲಿ ಕ್ಲಾಸ್ ಎ ಎಂದರೆ ಬಸ್ಸಿನಷ್ಟು ದೊಡ್ಡದು. ಕ್ಲಾಸ್ ಬಿ ಎಂದರೆ ವ್ಯಾನ್. ಕ್ಲಾಸ್ ಸಿ ಎಂದರೆ ಟ್ರಕ್ಕಿನ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವ ಮಧ್ಯಮ ಗಾತ್ರದ್ದು. ಇವಲ್ಲದೆ ಪಿಕಪ್ ಟ್ರಕ್ಕಿನಿಂದ ಎಳೆಯುವ ಟ್ರೇಲರುಗಳಿವೆ.

ಬಂಧುಗಳ ಮನೆ ಸುತ್ತುವವರಿಗೆ ನನ್ನ ಶಿಫಾರಸು 25 ಅಡಿ ಆಸುಪಾಸಿನ ಕ್ಲಾಸ್ ಸಿ, ಬಳಸಿದ್ದು. ಸಾಮಾನ್ಯ ಡ್ರೈವ್‌ವೇಯಲ್ಲಿ ಗರಾಜಿನ ಬಾಗಿಲಿನಿಂದ ಫುಟ್‌ಪಾತ್‌ವರೆಗೆ ಸಿಗುವುದು ಹೆಚ್ಚೆಂದರೆ ಇಷ್ಟೇ. ಗಾಡಿಯ ಬಾಲ ಫುಟ್‌ಪಾತಿನ ಮೇಲೆ ಚಾಚಿದರೆ ಹೆಚ್ಚಿನ ಊರುಗಳಲ್ಲಿ ದಂಡ. ಮಾಡೆಲ್ ಹೆಸರಿನಲ್ಲಿ 24 ಎಂದಿದ್ದರೆ 24 ಅಡಿ ಎಂದು ನಂಬಬೇಡಿ, ಬಂಪರಿನಿಂದ ಬಂಪರಿಗೆ ಟೇಪು ಹಿಡಿದು ಅಳೆಯಿರಿ. ಗಾಡಿ ರಿವರ್ಸ್ ತೆಗೆಯಲು ಭಯವಿಲ್ಲದವರಿಗೆ ಟ್ರೇಲರಿನಲ್ಲಿ ಒಂದು ದೊಡ್ಡ ಲಾಭವಿದೆ: ಅದನ್ನು ಕಳಚಿಟ್ಟರೆ ಓಡಾಡಲು ಟ್ರಕ್ ಕೈಗೆ ಸಿಗುತ್ತದೆ, ಮಗಳ ಕಾರು ಕೇಳಬೇಕಿಲ್ಲ.

ಹೊಸ ಗಾಡಿ ಬೇಡ. ಮೊದಲ ವರ್ಷದಲ್ಲೇ ಬೆಲೆ ದಬಕ್ಕನೆ ಇಳಿಯುತ್ತದೆ, ನೀವು ಮಾರುವುದೂ ಆಗಲೇ. ಹಳೇ ಗಾಡಿಗೆ ಸ್ವತಂತ್ರ ಇನ್‌ಸ್ಪೆಕ್ಟರ್ ಕರೆಸಿ ಚಾವಣಿಯ ಸೀಲು, ನೀರು ಸೋರಿದ ಕಲೆ, ಟೈರು ತೋರಿಸಿ. ಟೈರಿನ ಬದಿಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ 4 ಅಂಕಿಗಳಿರುತ್ತವೆ; 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರ್‌ವಿ ಟೈರು ಸವೆದು ಹಾಳಾಗುವುದಕ್ಕಿಂತ ಕೂತು ಹಾಳಾಗುವುದೇ ಜಾಸ್ತಿ. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಾಗಿ ಕಂಡರೂ ಆರೇಳು ವರ್ಷ ದಾಟಿದ್ದರೆ ಬದಲಿಸಿ.

ಕೊಳ್ಳುವ ಮೊದಲು ಅಂಥದ್ದೇ ಗಾಡಿಯನ್ನು ನಾಲ್ಕು ದಿನ ಬಾಡಿಗೆಗೆ ತಗೊಳ್ಳಿ, ಅದರಲ್ಲಿ ಒಂದು ದಿನ ಮಳೆಯದಾಗಿರಲಿ. ಇಬ್ಬರೂ ಓಡಿಸಿ. ಇಬ್ಬರೂ ಟ್ಯಾಂಕು ಖಾಲಿ ಮಾಡಿ. ಯಜಮಾನರಿಗೆ ದಾರಿಯಲ್ಲಿ ಎದೆನೋವು ಬಂದರೆ ಗಾಡಿಯನ್ನು ಆಸ್ಪತ್ರೆಗೆ ಒಯ್ಯಬೇಕಾದವರು ಪಕ್ಕದ ಸೀಟಿನವರು. ಇದನ್ನು ಒಪ್ಪದ ದಂಪತಿಗೆ ನಾನು ಈ ಪ್ರವಾಸ ಬೇಡವೆಂದೇ ಹೇಳುತ್ತೇನೆ.

4. ಡ್ರೈವ್‌ವೇ: ಹೊರಡುವ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು

ನೆಂಟರ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವರ ಕರೆಂಟು, ನೀರು ಬಳಸುವುದಕ್ಕೆ ಆರ್‌ವಿ ಜನ ಮೂಚ್‌ಡಾಕಿಂಗ್ ಎನ್ನುತ್ತಾರೆ. "ಬನ್ನಿ ಅಂಕಲ್, ಜಾಗ ಬೇಕಾದಷ್ಟಿದೆ" ಎಂಬ ಮಾತಿನ ಮೇಲೆ ಹೊರಡಬೇಡಿ. ಡ್ರೈವ್‌ವೇ ಮತ್ತು ಅದರ ಮುಂದಿನ ರಸ್ತೆಯ ಫೋಟೊ ತರಿಸಿಕೊಳ್ಳಿ. ಇಳಿಜಾರು ಎಷ್ಟು, ಮೇಲೆ ತಂತಿ ಅಥವಾ ಮರದ ಕೊಂಬೆ ಇದೆಯೇ ನೋಡಿ. ಕಡಿದಾದ ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ನೆಲಕ್ಕೆ ಉಜ್ಜುತ್ತದೆ, ರಾತ್ರಿ ಮಲಗಿದವರು ಒಂದು ಗೋಡೆಗೆ ಜಾರಿಕೊಂಡಿರುತ್ತಾರೆ.

ಎರಡನೆಯದು ಎಚ್‌ಒಎ, ಅಂದರೆ ಬಡಾವಣೆಯ ನಿವಾಸಿಗಳ ಸಂಘ. ನಮ್ಮವರು ಹೆಚ್ಚಾಗಿರುವ, ಡಲ್ಲಾಸ್ ಹತ್ತಿರದ ಫ್ರಿಸ್ಕೊ, ಅಟ್ಲಾಂಟಾ ಹತ್ತಿರದ ಆಲ್ಫರೆಟಾ, ಕಮಿಂಗ್‌ನಂಥ ಕಡೆಯ ಹೊಸ ಬಡಾವಣೆಗಳಲ್ಲಿ ಇದಿಲ್ಲದ ಮನೆ ಸಿಗುವುದೇ ಕಷ್ಟ. ಹಲವು ಸಂಘಗಳು ಸಾಮಾನು ಇಳಿಸಲು ಒಂದೆರಡು ದಿನ ಮಾತ್ರ ಆರ್‌ವಿ ನಿಲ್ಲಿಸಲು ಬಿಡುತ್ತವೆ, ಕೆಲವು ಅದಕ್ಕೂ ಬಿಡುವುದಿಲ್ಲ. ದಂಡದ ಪತ್ರ ಬರುವುದು ನಿಮಗಲ್ಲ, ನೀವು ಮುಂದಿನ ಊರಿಗೆ ಹೋದ ಮೇಲೆ ಮಗಳಿಗೆ. ಮನೆಯವರೇ ಸಂಘಕ್ಕೆ ಇಮೇಲ್ ಬರೆದು ಒಪ್ಪಿಗೆ ಪಡೆಯಲಿ, ಬಾಯಿಮಾತು ಬೇಡ. ಎಚ್‌ಒಎ ಇಲ್ಲದಿದ್ದರೂ ನಗರಸಭೆಯ ನಿಯಮ ಇರಬಹುದು. ರಸ್ತೆಯಲ್ಲಿ ನಿಲ್ಲಿಸಿ ಒಳಗೆ ಮಲಗುವುದನ್ನು ಹಲವು ನಗರಗಳು ನಿಷೇಧಿಸಿವೆ.

ಒಪ್ಪಿಗೆ ಸಿಗದಿದ್ದರೆ ಹತ್ತಿರದ ಸರ್ಕಾರಿ ಕ್ಯಾಂಪ್‌ಗ್ರೌಂಡ್ ನೋಡಿ. ಅಟ್ಲಾಂಟಾದ ಉತ್ತರಕ್ಕೆ ಲೇಕ್ ಲೇನಿಯರ್ ದಂಡೆಯಲ್ಲಿ, ಡಲ್ಲಾಸ್ ಸುತ್ತ ಲೂಯಿಸ್‌ವಿಲ್ ಮತ್ತು ಲವಾನ್ ಸರೋವರಗಳಲ್ಲಿ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್ (ಸೇನೆಯ ಎಂಜಿನಿಯರಿಂಗ್ ವಿಭಾಗ) ನಡೆಸುವ ಜಾಗಗಳಿವೆ. 62 ದಾಟಿದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡಿನವರಿಗೆ ಸಿಗುವ ಸೀನಿಯರ್ ಪಾಸ್ ತೋರಿಸಿದರೆ ಇಂಥ ಕಡೆ ಸಾಮಾನ್ಯವಾಗಿ ಅರ್ಧ ದರ. ಆಜೀವ ಪಾಸಿಗೆ 80 ಡಾಲರ್, ಅದೇ ಪಾಸಿನಲ್ಲಿ ರಾಷ್ಟ್ರೀಯ ಉದ್ಯಾನಗಳ ಪ್ರವೇಶವೂ ಉಚಿತ. ಹೊರಡುವ ಮುಂಚೆ ಮಾಡಿಸಲೇಬೇಕಾದ ಕೆಲಸ ಇದು. ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ವಾರಾಂತ್ಯಗಳಿಗೆ ಬುಕಿಂಗ್ ತೆರೆದ ದಿನವೇ ಜಾಗ ಹಿಡಿಯಿರಿ. ಹೆಚ್ಚಿನ ಕಡೆ 6 ತಿಂಗಳು ಮುಂಚೆ ತೆರೆಯುತ್ತದೆ.

ಈಗ ಕರೆಂಟು, ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವ ಜಾಗ. ಕ್ಲಾಸ್ ಸಿ ಗಾಡಿಗಳು ಸಾಮಾನ್ಯವಾಗಿ 120 ವೋಲ್ಟ್, 30 ಆಂಪ್ ಬಯಸುತ್ತವೆ. ಅಂದರೆ 3,600 ವಾಟ್. ಮನೆಯ ಗರಾಜಿನ ಪ್ಲಗ್ 15 ಆಂಪಿನದು, 1,800 ವಾಟ್. ಗಂಟೆಗಟ್ಟಲೆ ಎಳೆಯುವುದಾದರೆ ಅದರ ಶೇಕಡಾ 80, ಅಂದರೆ 1,440 ವಾಟ್ ಮಾತ್ರ ಸುರಕ್ಷಿತ. ಚಾವಣಿಯ ಎಸಿ ಒಂದೇ ಅಷ್ಟನ್ನು ನುಂಗುತ್ತದೆ. ಎಸಿ ಓಡುವಾಗ ಇಂಡಕ್ಷನ್ ಒಲೆ ಹಚ್ಚಿದರೆ ಬ್ರೇಕರ್ ಬಿತ್ತು. ಬಿದ್ದರೆ ಬೀಳಲಿ ಅನ್ನುವ ಹಾಗೂ ಇಲ್ಲ: ನಮ್ಮವರ ಗರಾಜಿನಲ್ಲಿ ಎರಡನೇ ಫ್ರಿಜ್ ಇದ್ದೇ ಇರುತ್ತದೆ, ಬಹುತೇಕ ಅದೇ ಸರ್ಕ್ಯೂಟಿನಲ್ಲಿ. ಮಾರನೇ ದಿನ ಬೆಳಗ್ಗೆ ತುರಿದ ಕಾಯಿಯ ಪ್ಯಾಕೆಟ್ಟು, ಹಿದುಕಿದ ಅವರೆಬೇಳೆ ಎಲ್ಲ ಕರಗಿ ನೀರಾಗಿರುತ್ತದೆ. ಪ್ಲಗ್ ಹಾಕುವ ಮುನ್ನ ಆ ಸಾಲಿನಲ್ಲಿ ಏನೇನಿದೆ ಕೇಳಿ, ಫ್ರಿಜ್‌ ಇರುವ ಸಾಲನ್ನು ಬಿಟ್ಟುಬಿಡಿ.

ಅಂಗಡಿಯಲ್ಲಿ ಸಿಗುವ ತೆಳು ಕಿತ್ತಳೆ ಬಣ್ಣದ ಎಕ್ಸ್‌ಟೆನ್ಶನ್ ವೈರು ಬಳಸಬೇಡಿ, ಬಿಸಿಯಾಗಿ ಕರಗುತ್ತದೆ. 10 ಗೇಜಿನದು ತಗೊಳ್ಳಿ. ಗೇಜಿನ ಅಂಕಿ ಚಿಕ್ಕದಾದಷ್ಟೂ ತಂತಿ ದಪ್ಪ. ಅರ್ಧ ಗಂಟೆ ಬಿಟ್ಟು ಪ್ಲಗ್ಗನ್ನು ಮುಟ್ಟಿ ನೋಡಿ, ಬಿಸಿ ಹತ್ತಿದ್ದರೆ ಎಸಿ ಆರಿಸಿ.

ಇದಕ್ಕಿಂತ ದೊಡ್ಡ ಅಪಾಯ ಪ್ರೀತಿಯ ರೂಪದಲ್ಲಿ ಬರುತ್ತದೆ. "ಅಪ್ಪ ಬರ್ತಾರೆ" ಎಂದು ಮಗ ಎಲೆಕ್ಟ್ರಿಶಿಯನ್ ಕರೆಸಿ 30 ಆಂಪಿನ ಪ್ಲಗ್ ಹಾಕಿಸುತ್ತಾನೆ. ಮನೆ ಕೆಲಸವನ್ನೇ ಮಾಡಿ ಅಭ್ಯಾಸವಾದ ಎಲೆಕ್ಟ್ರಿಶಿಯನ್ನಿಗೆ 30 ಆಂಪ್ ಎಂದರೆ ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಸಾಲು. ಅದೇ ರೀತಿ ಜೋಡಿಸಿಬಿಡುತ್ತಾನೆ. ಆರ್‌ವಿಗೆ ಬೇಕಾದದ್ದು ಟಿಟಿ-30 ಎಂಬ ಮೂರು ಕಡ್ಡಿಯ, 120 ವೋಲ್ಟಿನ ಪ್ಲಗ್. 240 ಹರಿದರೆ ಮೈಕ್ರೋವೇವ್, ಟಿವಿ, ಬ್ಯಾಟರಿ ಚಾರ್ಜರ್ ಎಲ್ಲ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹೊಸ ಪ್ಲಗ್ ಯಾರೇ ಹಾಕಿರಲಿ, ಮಲ್ಟಿಮೀಟರಿನಲ್ಲಿ 120 ತೋರಿಸುವವರೆಗೂ ಚುಚ್ಚಬೇಡಿ. ವೋಲ್ಟೇಜ್ ತಪ್ಪಿದ್ದರೆ ಗಾಡಿಗೆ ಕರೆಂಟು ಬಿಡದ ಇಎಂಎಸ್ ಎಂಬ ರಕ್ಷಕ ಪೆಟ್ಟಿಗೆಗೆ ಮುನ್ನೂರು ಡಾಲರ್ ಆಚೀಚೆ. ಇದರಲ್ಲಿ ಜಿಪುಣತನ ಬೇಡ.

ನೀರಿಗೆ ಕುಡಿಯುವ ನೀರಿನದೇ ಬಿಳಿ ಅಥವಾ ನೀಲಿ ಹೋಸ್, ಜೊತೆಗೆ ಪ್ರೆಶರ್ ರೆಗ್ಯುಲೇಟರ್. ತೋಟದ ಹಸಿರು ಹೋಸ್ ಬೇಡ.

5. ಟ್ಯಾಂಕು ಮತ್ತು ಒಗ್ಗರಣೆ

ಗಾಡಿಯಲ್ಲಿ ಮೂರು ಟ್ಯಾಂಕುಗಳು: ಶುದ್ಧ ನೀರಿನದು, ಸಿಂಕು–ಸ್ನಾನದ ನೀರು ಸೇರುವ ಗ್ರೇ ಟ್ಯಾಂಕ್, ಶೌಚದ ಬ್ಲಾಕ್ ಟ್ಯಾಂಕ್. ಕ್ಲಾಸ್ ಸಿಯಲ್ಲಿ ಸಾಮಾನ್ಯವಾಗಿ ಒಂದೊಂದೂ 30ರಿಂದ 40 ಗ್ಯಾಲನ್. ಡ್ರೈವ್‌ವೇಯಲ್ಲಿದ್ದಾಗ ಸ್ನಾನ ಮನೆಯೊಳಗೆ ಮುಗಿಸಿದರೆ ಇಬ್ಬರಿಗೆ ಒಂದು ವಾರ ತಳ್ಳಬಹುದು.

ಬ್ಲಾಕ್ ಟ್ಯಾಂಕಿನ ವಾಲ್ವನ್ನು ಯಾವತ್ತೂ ತೆರೆದಿಡಬೇಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ಒಳಗೇ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಅದನ್ನು ತೆಗೆಯಲು ದುಡ್ಡು ಕೊಟ್ಟು ಜನ ಕರೆಸಬೇಕು. ಮುಕ್ಕಾಲು ತುಂಬಿದ ಮೇಲೆ ಡಂಪ್ ಸ್ಟೇಶನ್‌ನಲ್ಲಿ (ತ್ಯಾಜ್ಯ ಸುರಿಯಲು ಇರುವ ಜಾಗ, ಕ್ಯಾಂಪ್‌ಗ್ರೌಂಡು ಮತ್ತು ಕೆಲವು ಟ್ರಕ್ ಸ್ಟಾಪ್‌ಗಳಲ್ಲಿ ಸಿಗುತ್ತದೆ) ಮೊದಲು ಬ್ಲಾಕ್, ಆಮೇಲೆ ಗ್ರೇ ಬಿಡಿ, ಹಿಂದಿನಿಂದ ಬರುವ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಕೈಗವಸು ಹಾಕಿ. ನೆಂಟರ ಹುಲ್ಲುಹಾಸಿಗೆ ಗ್ರೇ ನೀರು ಬಿಡುವುದೂ ಬಹಳ ಕಡೆ ಕಾನೂನುಬಾಹಿರ.

ನಮ್ಮ ಅಡುಗೆಗೆ ಎರಡು ಮಾತು. ಎಣ್ಣೆ ಜಿಡ್ಡು, ಅನ್ನದ ಅಗುಳು, ಸಾಸಿವೆ ಗ್ರೇ ಟ್ಯಾಂಕಿಗೆ ಹೋದರೆ ಸೆನ್ಸರ್ ಕೆಟ್ಟು ಖಾಲಿ ಟ್ಯಾಂಕೂ ತುಂಬಿದಂತೆ ತೋರಿಸುತ್ತದೆ, ಬಿಸಿಲಿಗೆ ನಾರುತ್ತದೆ. ತಟ್ಟೆ, ಬಾಣಲೆಯನ್ನು ಪೇಪರ್ ಟವೆಲಿನಿಂದ ಒರೆಸಿ ಆಮೇಲೆ ತೊಳೆಯಿರಿ. ಒಣಮೆಣಸಿನಕಾಯಿ ಒಗ್ಗರಣೆ ಗಾಡಿಯೊಳಗೆ ಹಾಕಿದರೆ ಹೊಗೆ ಅಲಾರಾಂ ಕೂಗಿ ಬೀದಿಗೇ ಗೊತ್ತಾಗುತ್ತದೆ; ಹೊರಗಿನ ಮೇಜಿನ ಮೇಲೆ ಚಿಕ್ಕ ಒಲೆ ಇಟ್ಟುಕೊಳ್ಳಿ. ಹಾಗೇ ಕರಿಬೇವು: ನಿಂಬೆ ಜಾತಿಯ ಮರಗಳನ್ನು ಕೊಲ್ಲುವ ರೋಗ ಹರಡುವ ಕೀಟಕ್ಕೆ ಕರಿಬೇವೂ ಆಸರೆ. ಹಾಗಾಗಿ ಕ್ವಾರಂಟೀನ್ ಇರುವ ಫ್ಲಾರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ಕಡೆಯಿಂದ ಸ್ನೇಹಿತರ ಹಿತ್ತಲಿನ ಗಿಡ, ಸೊಪ್ಪು ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಹೋಗುವಂತಿಲ್ಲ. ಕ್ಯಾಲಿಫೋರ್ನಿಯಾ ಗಡಿಯಲ್ಲಿ ಗಾಡಿ ನಿಲ್ಲಿಸಿ ಕೇಳುತ್ತಾರೆ.

6. ರಸ್ತೆಯಲ್ಲಿ

ಆರ್‌ವಿ ಜನರ 3-3-3 ಸೂತ್ರ ನಮ್ಮ ವಯಸ್ಸಿಗೆ ಹೇಳಿಮಾಡಿಸಿದ್ದು: ದಿನಕ್ಕೆ 300 ಮೈಲಿಗಿಂತ ಹೆಚ್ಚು ಬೇಡ, ಮಧ್ಯಾಹ್ನ 3ಕ್ಕೆ ತಲುಪಿ, ಒಂದು ಕಡೆ 3 ದಿನವಾದರೂ ಇರಿ. ನನ್ನನ್ನು ಕೇಳಿದರೆ 200 ಮೈಲಿಯೇ ಸಾಕು.

ಗಾಡಿಯ ಎತ್ತರವನ್ನು ಎಸಿ ಸೇರಿಸಿ ಅಳೆದು ಸ್ಟಿಯರಿಂಗ್ ಎದುರು ಚೀಟಿ ಅಂಟಿಸಿ. ಕಾರಿನ ನ್ಯಾವಿಗೇಶನ್ ಆ್ಯಪ್‌ಗಳಿಗೆ ನಿಮ್ಮ ಎತ್ತರ ಗೊತ್ತಿಲ್ಲ. ಎತ್ತರ, ಉದ್ದ ತುಂಬಿಸಬಹುದಾದ ಆರ್‌ವಿ ನ್ಯಾವಿಗೇಶನ್ ಬಳಸಿ. ನ್ಯೂಯಾರ್ಕ್ ಸುತ್ತಮುತ್ತಲ ಪಾರ್ಕ್‌ವೇಗಳಲ್ಲಿ ಸೇತುವೆಗಳು ತಗ್ಗು. ಅಡುಗೆ ಅನಿಲ, ಅಂದರೆ ಪ್ರೊಪೇನ್ ಇರುವ ಗಾಡಿಗಳಿಗೆ ಬಾಲ್ಟಿಮೋರಿನ ಸುರಂಗಗಳಲ್ಲಿ ನಿರ್ಬಂಧವಿದೆ. ನ್ಯೂಜೆರ್ಸಿಗೆ ಹೋಗುವ ಹಲವು ಕನ್ನಡಿಗರು ಇದೇ ದಾರಿಯಲ್ಲಿ ಬರುವುದರಿಂದ ಹೇಳಿದೆ. ಬಾಲ್ಟಿಮೋರ್ ಸುತ್ತಿಹೋಗುವ ಐ-695 ಹೆದ್ದಾರಿಯ ಪಶ್ಚಿಮ ಭಾಗ ಹಿಡಿಯಿರಿ. ರೋಡ್‌ಸೈಡ್ ಅಸಿಸ್ಟೆನ್ಸ್ ಸದಸ್ಯತ್ವ ಇದ್ದರೆ ಅದು ಆರ್‌ವಿಗೂ ಅನ್ವಯಿಸುತ್ತದೆಯೇ ಕೇಳಿ, ಕಾರಿನದು ತಾನಾಗಿ ಅನ್ವಯಿಸುವುದಿಲ್ಲ.

7. ಎಷ್ಟು ದಿನ ಇರಬೇಕು

ನಾಲ್ಕೈದು ದಿನ. ಹೋದ ದಿನವೇ ಹೊರಡುವ ದಿನ ಹೇಳಿಬಿಡಿ, ಎರಡೂ ಕಡೆಯವರಿಗೂ ಹಗುರ. ಬೆಳಗಿನ ಕಾಫಿ–ತಿಂಡಿ ನಿಮ್ಮ ಗಾಡಿಯಲ್ಲೇ ಆಗಲಿ. ಕೆಲಸಕ್ಕೆ ಹೊರಡುವವರ ಅಡುಗೆಮನೆಗೆ ಏಳು ಗಂಟೆಗೆ ನುಗ್ಗಬೇಡಿ. ಆರ್‌ವಿಯ ಅಸಲಿ ಲಾಭ ಇದೇ: ಗೆಸ್ಟ್‌ರೂಮಿನ ಹಂಗಿಲ್ಲದೆ ಹತ್ತಿರ ಇರಬಹುದು. ಪಕ್ಕದ ಮನೆಯವರಿಗೆ ಯಾವಾಗ ಹೊರಡುತ್ತೀರಿ ಎಂಬುದನ್ನು ನೀವೇ ಹೋಗಿ ಹೇಳಿ ಬನ್ನಿ. ಎಚ್‌ಒಎಗೆ ದೂರು ಕೊಡುವವರು ಅವರೇ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಇನ್ನೂ ಎರಡು ವಾರ ಇರಿ ಎಂಬ ಬೇಡಿಕೆ ಬರುತ್ತದೆ. ಒಪ್ಪುವುದಾದರೆ ಒಪ್ಪಿ, ಆದರೆ ಮುಂದಿನ ಊರಿನವರು ನಿಮಗಾಗಿ ರಜೆ ಹಾಕಿರುತ್ತಾರೆ ಎಂಬುದು ನೆನಪಿರಲಿ.

8. ಲೆಕ್ಕ, ಕೊನೆಗೆ ಮಾರಾಟ

ಅಂದಾಜು ಮಾಡುವ ಬಗೆ ಇದು. 12,000 ಮೈಲಿ, ಗ್ಯಾಲನ್ನಿಗೆ 10 ಮೈಲಿ, ಗ್ಯಾಲನ್ನಿಗೆ 3.50 ಡಾಲರ್ ಎಂದಿಟ್ಟುಕೊಂಡರೆ ಪೆಟ್ರೋಲಿಗೆ 4,200 ಡಾಲರ್. ವರ್ಷದ 180 ರಾತ್ರಿ ಕ್ಯಾಂಪ್‌ಗ್ರೌಂಡಿನಲ್ಲಿ, ರಾತ್ರಿಗೆ 45 ಡಾಲರ್‌ನಂತೆ 8,100. ಇದರ ಮೇಲೆ ವಿಮೆ, ರಿಪೇರಿ, ಸ್ಟೋರೇಜು. ರಿಪೇರಿಗೆಂದು 5,000 ಡಾಲರ್ ಮುಟ್ಟದೆ ಪಕ್ಕಕ್ಕಿಡಿ. ಕೊಂಡ ಬೆಲೆ ಮತ್ತು ಮಾರುವ ಬೆಲೆಯ ನಡುವಿನ ಅಂತರವೂ ಖರ್ಚೇ, ಅದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ವಿಮೆ ಕೊಳ್ಳುವಾಗ ವರ್ಷವಿಡೀ ಇದರಲ್ಲೇ ಇರುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ರಜೆಗಷ್ಟೇ ಬಳಸುವವರ ಪಾಲಿಸಿ ಕ್ಲೇಮಿನ ಹೊತ್ತಿಗೆ ಕೈಕೊಡಬಹುದು.

ಮಾರುವುದಾದರೆ ವಸಂತದಲ್ಲಿ ಮಾರಿ, ಕೊಳ್ಳುವವರು ಹುಡುಕುವುದು ಬೇಸಿಗೆಗೆ ಮುಂಚೆ. ಚಳಿಗಾಲಕ್ಕೆ ಮನೆ ಸೇರಿದರೆ ನೀರಿನ ಪೈಪುಗಳಿಗೆ ಆರ್‌ವಿಗೆಂದೇ ಸಿಗುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ತುಂಬಿ ನಿಲ್ಲಿಸಿ. ಎಂಜಿನ್‌ಗೆ ಹಾಕುವುದು ವಿಷ, ಅದನ್ನು ಹಾಕಬೇಡಿ. ಆಯಿಲ್ ಬದಲಿಸಿದ್ದು, ಟೈರು ಹಾಕಿಸಿದ್ದು, ಚಾವಣಿ ಸೀಲ್ ಮಾಡಿಸಿದ್ದು, ಎಲ್ಲ ರಸೀದಿಯನ್ನೂ ಒಂದೇ ಫೈಲಿನಲ್ಲಿಡಿ. ಕೊಳ್ಳುವವರ ಮುಂದೆ ಚೌಕಾಸಿಗೆ ಅದೇ ಬಲ. ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ವರ್ಗಾವಣೆ ಮಾಡಿ, ಗಾಡಿ ಮಾರಿದ್ದೇನೆ ಎಂದು ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಗೆ ತಿಳಿಸಿ, ಆಮೇಲಷ್ಟೇ ವಿಮೆ ರದ್ದು ಮಾಡಿಸಿ.